ಸಿಲೋನಿನಲ್ಲಿ ಬಸ್ಸಾರು, ಗೌರಿಗೊಂದು ತೆಂಗಿನ ಮರ

ನನ್ನ ಮೊಮ್ಮಗಳು ಗೌರಿಗೆ ಸಿಲೋನಿನಲ್ಲಿ ಒಂದು ತೆಂಗಿನ ಮರವಿದೆ. ಮರ ಎಂದರೆ ಸದ್ಯಕ್ಕೆ ನನ್ನ ಮೊಣಕಾಲಿನಷ್ಟು ಎತ್ತರ, ನಾಲ್ಕೇ ಗರಿ. ಗೌರಿಗೂ ಸದ್ಯಕ್ಕೆ ಎರಡೇ ಹಲ್ಲು. ಆದರೇನಾಯಿತು, ಜಯನಗರದ ನಮ್ಮ ಬೀದಿಯಲ್ಲಿ ಹಲ್ಲು ಪೂರ್ತಿ ಬಂದವರನ್ನೂ ಕೇಳಿದ್ದೇನೆ, ಪೂರ್ತಿ ಬಿದ್ದವರನ್ನೂ ಕೇಳಿದ್ದೇನೆ. ಕಡಲಾಚೆ ಮರ ಇಟ್ಟುಕೊಂಡವರು ಒಬ್ಬರೂ ಸಿಕ್ಕಲಿಲ್ಲ. ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ. ನಾನು ಓದಿದ್ದು ಚಿಕ್ಕಲಸಂದ್ರದ ಕೂಲಿಮಠದಲ್ಲಿ ಮೂರನೆಯ ಕ್ಲಾಸಿನವರೆಗೆ. ಆಮೇಲೆ ಬಿಡಿಸಿ ಎಮ್ಮೆ ಕಾಯಲು ಹಾಕಿದರು. ಬರೆದದ್ದರಲ್ಲಿ ತಪ್ಪು ಕಂಡರೆ ಅದು ಎಮ್ಮೆಯದು ಎಂದು ತಿಳಿಯಿರಿ.

ಜಯನಗರ

ನನ್ನ ಸೊಸೆ ಸರೋಜ ಇಲ್ಲಿಯ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ವಿಜ್ಞಾನಕ್ಕೆಂದು ಅಲ್ಲಿ ಕೋಣೆಯಿಲ್ಲ, ಒಂದು ಬೀರು ಮಾತ್ರ. ಅದರೊಳಗೆ ಒಂದು ಕೈ ಮುರಿದ ತಕ್ಕಡಿ, ಸೀಸೆಯಲ್ಲಿ ಒಂದು ಸತ್ತ ಕಪ್ಪೆ. ಆ ಕಪ್ಪೆಯನ್ನು ನೋಡಿಯೇ ನಾಲ್ಕು ವರ್ಷದಿಂದ ಹುಡುಗಿಯರು ಪಾಸಾಗುತ್ತಿದ್ದಾರೆ.

ಹೀಗಿರುವಾಗ ಕೊಲಂಬೊದಿಂದ ಒಂದು ಕಾಗದ ಬಂತು. ಬೇರೆ ಬೇರೆ ಊರುಗಳ ವಿಜ್ಞಾನ ಟೀಚರುಗಳನ್ನು ಮೂರು ವಾರ ಒಂದು ಕಡೆ ಇಟ್ಟುಕೊಂಡು ಹೊಸ ರೀತಿ ಪಾಠ ಮಾಡುವುದನ್ನು ಕಲಿಸುತ್ತಾರಂತೆ. ಒಬ್ಬರಿಗೊಬ್ಬರ ಪರಿಚಯ ಮಾಡಿಸುತ್ತಾರಂತೆ, ಆಮೇಲೂ ಕಾಗದ ಬರೆದುಕೊಂಡು ಒಬ್ಬರಿಂದ ಒಬ್ಬರು ಕಲಿಯಬೇಕಂತೆ. ಕೊನೆಯಲ್ಲಿ ಪ್ರತಿಯೊಬ್ಬರೂ ಒಂದು ಪಾಠ ಮಾಡಿ ತೋರಿಸಬೇಕು, ಚೆನ್ನಾಗಿದ್ದರೆ ಸರ್ಟಿಫಿಕೇಟು. ಸರೋಜಳ ಹೆಸರು ಆ ಪಟ್ಟಿಯಲ್ಲಿತ್ತು. ಆಗ ಗೌರಿಗೆ ಏಳು ತಿಂಗಳು.

ಸ್ಕೂಲಿನ ಕಮಿಟಿಯ ಅಧ್ಯಕ್ಷರು ಸರೋಜಳನ್ನು ಕರೆಸಿ ಹೇಳಿದರಂತೆ: "ಹಾಲು ಕುಡಿಯೋ ಕೂಸು ಕಟ್ಕೊಂಡು ಕಡಲು ದಾಟ್ತೀರೇನಮ್ಮಾ? ಹೋಗಿ, ನಾನು ಬೇಡ ಅನ್ನಲ್ಲ. ಸರ್ಟಿಫಿಕೇಟ್ ತಂದ್ರೆ ವಿಜ್ಞಾನಕ್ಕೆ ಒಂದು ರೂಮು ಬಿಡಿಸಿಕೊಡ್ತೀನಿ. ತರಲಿಲ್ವೋ, ಬರೋ ವರ್ಷ ನೀವು ಹೊಲಿಗೆ ಕ್ಲಾಸ್ ತಗೊಳ್ಳಿ. ವಿಜ್ಞಾನಕ್ಕೆ ಯಾರಾದ್ರೂ ಗಂಡಸರನ್ನ ನೋಡ್ತೀವಿ."

ನನ್ನ ಸೊಸೆ ಒಂದು ಗುಂಡಿ ಹೊಲಿದರೆ ಎರಡು ಗುಂಡಿ ಉದುರುತ್ತವೆ. ಮನೆಗೆ ಬಂದವಳು ಗೋಡೆ ಕಡೆ ಮುಖ ಮಾಡಿಕೊಂಡು ಮಲಗಿಬಿಟ್ಟಳು.

"ಏಳೇ ಸರೋಜಾ," ಎಂದೆ. "ಕೂಸನ್ನ ನಾನು ನೋಡ್ಕೋತೀನಿ. ನಾನೂ ಬರ್ತೀನಿ, ನಡಿ."

ನಮ್ಮ ಯಜಮಾನರು ಪೇಪರಿನ ಹಿಂದಿನಿಂದ, "ನೀನು ಬನಶಂಕರಿ ಗುಡಿಗೆ ಹೋದ್ರೇ ದಾರಿ ತಪ್ಪಿ ಬರ್ತೀಯ. ಸಿಲೋನಿಗೆ ಹೋಗ್ತೀಯಾ?" ಎಂದರು.

"ಅಲ್ಲಿಗೆ ದಾರಿ ಇಲ್ಲ, ಹಡಗು ಇರೋದು. ತಪ್ಪಿಸ್ಕೊಳ್ಳಕ್ಕೆ ಎಲ್ಲಿ ಇಳೀಲಿ?" ಎಂದೆ. ಪೇಪರು ಪುಟ ತಿರುವಿತು.

ಧನುಷ್ಕೋಟಿ

ಮದರಾಸಿನಿಂದ ರೈಲು ಭೂಮಿ ಮುಗಿಯುವವರೆಗೂ ಹೋಗಿ ನಿಂತುಬಿಡುತ್ತದೆ. ಆ ಕಡೆ ನೀರು, ಈ ಕಡೆ ನೀರು, ನಡುವೆ ಮರಳು, ಮರಳಿನ ಮೇಲೆ ನನ್ನ ತಗಡಿನ ಪೆಟ್ಟಿಗೆ. ಪುಟ್ಟೇನಹಳ್ಳಿಯ ಕೆರೆಯನ್ನು ದೊಡ್ಡದು ಎಂದುಕೊಂಡಿದ್ದವಳು ನಾನು. ಕಡಲನ್ನು ನೋಡಿದ ಮೇಲೆ ಅದರ ಬಗ್ಗೆ ಸ್ವಲ್ಪ ಪಾಪ ಅನ್ನಿಸಿತು.

ಹಡಗು ಹತ್ತುವ ಮೊದಲು ಸಾಮಾನು ತಪಾಸಣೆ. ಅಧಿಕಾರಿ ಮೊದಲು ನನ್ನ ಪೆಟ್ಟಿಗೆ ತೆರೆಸಿದ. ರಾಗಿಹಿಟ್ಟು, ಹಪ್ಪಳ, ಎರಡು ಡಬ್ಬಿ ಸಾರಿನ ಪುಡಿ. "ಇದೇನು?" ಎಂದು ಡಬ್ಬಿಯ ಮುಚ್ಚಳ ತೆಗೆದು ಮೂಗಿಗೆ ಹಿಡಿದ. ನಮ್ಮ ಪುಡಿಗೆ ಬ್ಯಾಡಗಿಯನ್ನೂ ಗುಂಟೂರನ್ನೂ ಸಮಸಮ ಹಾಕುತ್ತೇನೆ. ಹನ್ನೊಂದು ಸಲ ಸೀನಿದ, ನಾನೇ ಎಣಿಸಿದೆ. ಹನ್ನೆರಡನೆಯದಕ್ಕೆ ಕೈ ಬೀಸಿ "ಹೋಗಿ, ಹೋಗಿ" ಎಂದುಬಿಟ್ಟ. ಹೀಗಾಗಿ ಸರೋಜಳ ಪೆಟ್ಟಿಗೆಯನ್ನು ಯಾರೂ ತೆರೆಸಲಿಲ್ಲ. ತೆರೆಸಿದ್ದರೆ ಅದರೊಳಗೆ ಏನಿದೆಯೆಂದು ನಾನೂ ನೋಡುತ್ತಿದ್ದೆ, ಮುಂದೆ ಆದದ್ದು ಆಗುತ್ತಿರಲಿಲ್ಲ.

ಹಡಗಿನಲ್ಲಿ ದೊಡ್ಡವರೆಲ್ಲ ಕಂಬಿ ಹಿಡಿದು ವಾಂತಿ ಮಾಡಿಕೊಳ್ಳುತ್ತಿದ್ದರು. ಗೌರಿ ಮಾತ್ರ ಅದನ್ನು ತೊಟ್ಟಿಲು ಎಂದುಕೊಂಡು ನಕ್ಕಿದ್ದೇ ನಕ್ಕಿದ್ದು.

ಕೊಲಂಬೊ, ಮೊದಲ ವಾರ

ನಮ್ಮನ್ನು ಒಂದು ಕಾಲೇಜಿನ ಹಾಸ್ಟೆಲಿನಲ್ಲಿ ಇಳಿಸಿದರು. ಸರೋಜಳೂ ಸೇರಿ ಒಂಬತ್ತು ಜನ ಟೀಚರುಗಳು. ಅಡುಗೆಗೆ ಸೋಮಾವತಿ ಎಂಬ ಹೆಂಗಸು, ತೋಟಕ್ಕೆ ಅವಳ ಗಂಡ. ಸೋಮಾವತಿಗೆ ಸಿಂಹಳ ಬಿಟ್ಟರೆ ಬೇರೆ ಬಾರದು, ನನಗೆ ಸಿಂಹಳ ಒಂದೇ ಬಾರದು. ಆದರೂ ಮಣೆಯ ಮೇಲೆ ಕುಕ್ಕರಗಾಲಿನಲ್ಲಿ ಕೂತು ಅವಳು ಕಾಯಿ ತುರಿಯುವುದನ್ನು ನೋಡಿದ ಕೂಡಲೆ ಇವಳು ನಮ್ಮವಳೇ ಅನ್ನಿಸಿತು. ನಮ್ಮಲ್ಲಿ ಶ್ಯಾವಿಗೆ ಒತ್ತುವುದು ಹಬ್ಬಕ್ಕೆ, ಅಲ್ಲಿ ದಿನಾ ಬೆಳಿಗ್ಗೆ ಅದೇ ತಿಂಡಿ. ಮೀನಿಗೆ ನನ್ನ ತಕರಾರಿಲ್ಲ, ನಾವು ಕೆರೆಮೀನು ತಿಂದು ಬೆಳೆದವರು. ಆದರೆ ಕಾಯಿಚಟ್ನಿಯೊಳಗೂ ಒಣಮೀನು ಪುಡಿಮಾಡಿ ಹಾಕುತ್ತಾರೆ ನೋಡಿ, ಅದಕ್ಕೆ ಮಾತ್ರ ನಾಲಿಗೆಗೆ ಎರಡು ದಿನ ಬುದ್ಧಿ ಹೇಳಬೇಕಾಯಿತು.

ತರಬೇತಿಯ ಮುಖ್ಯಸ್ಥೆ ಒಬ್ಬ ಬಿಳಿಯ ಹೆಂಗಸು, ನೀಟಾಗಿ ಬಾಚಿದ ನರೆಗೂದಲು. ಎಲ್ಲರೂ ದೊಡ್ಡ ಮೇಡಂ ಎನ್ನುತ್ತಿದ್ದೆವು. ಗಾಜಿನ ಸಾಮಾನು ಬೇಡ, ಮಕ್ಕಳ ಮನೆಯಲ್ಲಿ ಏನಿದೆಯೋ ಅದರಿಂದಲೇ ಪಾಠ ಮಾಡಿ ಎನ್ನುವುದು ಅವರ ಹಟ. ಒಬ್ಬೊಬ್ಬರಿಗೂ ಒಂದೊಂದು ನೀಲಿ ಪುಸ್ತಕ ಕೊಟ್ಟು, ಉಳಿದ ಎಂಟು ಜನರ ಹೆಸರು, ವಿಳಾಸ, ಅವರು ಯಾವ ಪಾಠ ಹೇಗೆ ಮಾಡುತ್ತಾರೆ, ಎಲ್ಲ ಕೇಳಿ ಬರೆದುಕೊಳ್ಳಿ ಎಂದರು.

ಯಾರು ಕೇಳುತ್ತಾರೆ? ಒಬ್ಬರ ಇಂಗ್ಲಿಷಿಗೆ ಇನ್ನೊಬ್ಬರು ಹೆದರಿ ತಟ್ಟೆಯನ್ನೇ ನೋಡಿಕೊಂಡು ಉಣ್ಣುತ್ತಿದ್ದರು. ಒಂದು ವಾರವಾದರೂ ನೀಲಿ ಪುಸ್ತಕಗಳು ಅಂಗಡಿಯಿಂದ ತಂದ ಹಾಗೇ ಇದ್ದವು. ನನ್ನ ಗೌರಿಗೆ ಇಂಗ್ಲಿಷೂ ಬರುವುದಿಲ್ಲ, ನಾಚಿಕೆಯೂ ಇಲ್ಲ. ಯೋಗಮ್ಮ ಎಂಬ ಟೀಚರ ಕನ್ನಡಕ ಕಿತ್ತುಕೊಂಡಳು. ಯೋಗಮ್ಮ ಯಾಳ್ಪಾಣದ, ಅಂದರೆ ಜಾಫ್ನಾದ ಕಡೆಯವರು, ಕೊಲಂಬೊದಲ್ಲೇ ಕೆಲಸ, ತಮಿಳು ಸಿಂಹಳ ಎರಡೂ ಬರುತ್ತದೆ. ನನಗೆ ಸಂತೆ ತಮಿಳು ಬರುತ್ತದಲ್ಲ, ಮಾತು ಹತ್ತಿತು. ಗೌರಿ ಅವರ ತೊಡೆಯಿಂದ ಇನ್ನೊಬ್ಬರ ತೊಡೆಗೆ, ಅಲ್ಲಿಂದ ಮತ್ತೊಬ್ಬರ ತೊಡೆಗೆ ಹೋದಳು. ಕೂಸು ಎಲ್ಲಿ ಹೋಯಿತೋ ಮಾತು ಅಲ್ಲಿಗೆ ಹೋಯಿತು. ಆದರೂ ಮಾತೆಲ್ಲ ಹಲ್ಲು, ಜ್ವರ, ಗ್ರೈಪ್ ವಾಟರ್. ವಿಜ್ಞಾನ ಮಾತ್ರ ಯಾರ ಬಾಯಿಂದಲೂ ಬರಲಿಲ್ಲ.

ಭಾನುವಾರ

ಸರೋಜಳ ಪಾಠ ಕೊನೆಯ ವಾರದ ಸೋಮವಾರ. ಅವಳು ದಿನಾ ಬೆಳಗಾಗುತ್ತಲೇ ಎದ್ದು ಪ್ರಯೋಗದ ಕೋಣೆಗೆ ಹೋಗಿಬರುತ್ತಿದ್ದಳು. ಓದಿಕೊಳ್ಳುವುದಕ್ಕೆ ಎಂದುಕೊಂಡಿದ್ದೆ.

ಹಿಂದಿನ ಭಾನುವಾರ ಬೆಳಿಗ್ಗೆ ತಲೆ ಬಾಚಿಕೊಳ್ಳುತ್ತಾ ಕೇಳಿದಳು, "ಅತ್ತೆ, ನಿಮಗೆ ಏನು ತಿನ್ಬೇಕು ಅನ್ನಿಸ್ತಿದೆ?"

"ಮೊಳಕೆ ಹುರುಳಿ ಬಸ್ಸಾರು ಕಣೇ. ಬಿಸಿ ಮುದ್ದೆ. ಈ ತೆಂಗಿನಹಾಲು ಕುಡಿದೂ ಕುಡಿದೂ ನನ್ನ ನಾಲಿಗೆ ಮೇಲೆ ತೆಂಗಿನ ಮರ ಹುಟ್ಟೈತೆ."

ಅವಳು ನಕ್ಕಳು. ನಕ್ಕು, ಉಳಿದವರ ಜೊತೆ ಸಮುದ್ರದ ದಂಡೆಗೆ ಹೋದಳು.

ಗೌರಿಗೆ ಸ್ನಾನ ಮಾಡಿಸಲು ಬಿಸಿನೀರಿಗೆಂದು ಅಡುಗೆಮನೆಗೆ ಹೋದೆ. ಕಿಟಕಿಯ ಮೇಲೆ ಒಂದು ದೊಡ್ಡ ಹಲಗೆ. ಹಲಗೆಯ ಮೇಲೆ ಹತ್ತು ತಟ್ಟೆ. ಮೊದಲನೆಯದರಲ್ಲಿ ನೆನೆದ ಹುರುಳಿ, ಆಮೇಲಿನದರಲ್ಲಿ ಮೊಳಕೆ ಒಡೆದದ್ದು, ಆಮೇಲೆ ಬಾಲ ಬಂದದ್ದು, ಎರಡೆಲೆ ಬಿಟ್ಟದ್ದು. ಕೊನೆಯ ತಟ್ಟೆಗಳಲ್ಲಿ ಗೇಣುದ್ದ ಎಳೇ ಸೊಪ್ಪು. ಒಂದೊಂದು ತಟ್ಟೆಗೂ ಒಂದೊಂದು ಚೀಟಿ: 1, 2, 3, ಹೀಗೆ 10ರವರೆಗೆ.

ನನ್ನ ಕಣ್ಣಲ್ಲಿ ನೀರು ಬಂತು. ಎಂಥ ಸೊಸೆ! ಅತ್ತೆಗೆ ತಿನ್ನುವ ಆಸೆಯಾಗುತ್ತದೆಂದು ಊರಿನಿಂದ ಗುಟ್ಟಾಗಿ ಕಾಳು ತಂದು, ಮೊಳಕೆ ಕಟ್ಟಿ, ಏನು ಬೇಕು ಎಂದು ಕೇಳಿಯೂ ಕೇಳದ ಹಾಗೆ ಕೇಳಿ ಹೋಗಿದ್ದಾಳೆ. ಕಾಳೂ ಇದೆ, ಸೊಪ್ಪೂ ಇದೆ. ಬಸ್ಸಾರಿಗೆ ಇನ್ನೇನು ಬೇಕು? ಚೀಟಿಗಳನ್ನು ಮತ್ತೆ ಎಣಿಸಿದೆ. ಒಂಬತ್ತು ಟೀಚರು, ಒಬ್ಬರು ದೊಡ್ಡ ಮೇಡಂ. ಹತ್ತು! ಎಲ್ಲರಿಗೂ ಬಡಿಸಬೇಕಂತೆ. ಇಷ್ಟು ಲೆಕ್ಕ ಮೂರನೆಯ ಕ್ಲಾಸಿನವಳಿಗೆ ಗೊತ್ತಾಗುವುದಿಲ್ಲವೆ?

ಕಾಳು ಸಾಲದೆ ಸೋಮಾವತಿಯ ಡಬ್ಬಿಯಿಂದ ಒಂದಿಷ್ಟು ಬೇಳೆ ಸೇರಿಸಿದೆ. ಬೇಯಿಸಿ ಕಟ್ಟು ಬಸಿಯುವಾಗ, ನಾನು ಸಾರವನ್ನೆಲ್ಲ ಚೆಲ್ಲುತ್ತಿದ್ದೇನೆಂದು ಸೋಮಾವತಿ ಓಡಿ ಬಂದು ಪಾತ್ರೆ ಹಿಡಿದುಕೊಂಡಳು. ಅದೇ ಸಾರು, ಚೆಲ್ಲುವುದಲ್ಲ ಎಂದು ತಿಳಿಸಲು ಕೈಬಾಯಿ ಎಲ್ಲ ಆಡಿಸಬೇಕಾಯಿತು. ಬೆಳ್ಳುಳ್ಳಿ, ಮೆಣಸಿನಕಾಯಿ, ಕಾಯಿ ರುಬ್ಬಿ ಒಗ್ಗರಣೆ ಹಾಕಿದಾಗ ಅವಳ ಗಂಡ ತೋಟದಿಂದ ಮೂಗು ಹಿಡಿದ ದಾರಿಯಲ್ಲಿ ನೇರ ಒಳಗೆ ಬಂದ. ರುಚಿ ನೋಡಲು ಕೊಟ್ಟೆ. ಎರಡು ಸಲ ನೋಡಿದ.

ಮಧ್ಯಾಹ್ನ ಎಲ್ಲರೂ ಕೂತರು. ದೊಡ್ಡ ಮೇಡಂ ಮುದ್ದೆಯನ್ನು ಅಗಿಯತೊಡಗಿದರು. "ಅಗಿಯಬಾರ್ದು, ನುಂಗ್ಬೇಕು," ಎಂದು ನುಂಗಿ ತೋರಿಸಿದೆ. ಅವರು ಕಣ್ಣು ಮುಚ್ಚಿ ಮಾತ್ರೆಯ ಹಾಗೆ ನುಂಗಿದರು. ಆಮೇಲೆ ಕಣ್ಣು ತೆರೆದು ಇನ್ನೊಂದು ತುತ್ತು ಮುರಿದರು. ಸರೋಜಳಂತೂ ಎರಡು ಸಲ ಹಾಕಿಸಿಕೊಂಡಳು.

"ಅತ್ತೆ, ಊರಲ್ಲಿ ಮಾಡ್ದಂಗೇ ಇದೆ. ಕಾಳು ಎಲ್ಲಿ ಸಿಕ್ತು?"

"ನೀನೇ ಇಟ್ಟಿದ್ಯಲ್ಲೇ, ಕಿಟಕೀಲಿ."

ಅವಳ ಕೈ ತಟ್ಟೆಯಲ್ಲೇ ನಿಂತಿತು.

"ಹತ್ತೂನಾ?"

"ಹತ್ತೂ."

ಬೈದಿದ್ದರೆ ಚೆನ್ನಾಗಿತ್ತು. ಅವಳು ಬೈಯಲಿಲ್ಲ. ತಟ್ಟೆಯನ್ನೇ ನೋಡುತ್ತಾ ಮೆಲ್ಲಗೆ ಅಂದಳು, "ಅತ್ತೆ, ಅದು ನಾಳೆಯ ಪಾಠ. ಬೀಜ ದಿನಾ ದಿನಾ ಹೇಗೆ ಬೆಳೆಯುತ್ತೆ ಅಂತ ತೋರ್ಸಕ್ಕೆ ದಿನಕ್ಕೊಂದು ತಟ್ಟೆ ಹಾಕಿದ್ದೆ. ಪ್ರಯೋಗದ ಕೋಣೆಗೆ ಇವತ್ತು ಸುಣ್ಣ ಹೊಡೀತಾರೆ ಅಂತ ಇಲ್ಲಿ ತಂದಿಟ್ಟೆ."

ಹತ್ತು ದಿನದ ಬೆಳೆಯನ್ನು ಒಂದು ರಾತ್ರಿಯಲ್ಲಿ ಬೆಳೆಯುವುದು ದೇವರಿಂದಲೂ ಆಗದು. ಬುಧವಾರಕ್ಕೆ ನಮ್ಮ ಹಡಗು. ಯೋಗಮ್ಮ ನನ್ನಿಂದ ಕೇಳಿಕೊಂಡು ಎಲ್ಲರಿಗೂ ವಿಷಯ ತಿಳಿಸಿದಾಗ ಇಡೀ ಪಂಕ್ತಿ ಉಣ್ಣುವುದನ್ನು ನಿಲ್ಲಿಸಿತು. ಒಬ್ಬೊಬ್ಬರೂ ತಮ್ಮ ತಟ್ಟೆ ನೋಡಿಕೊಂಡರು. ಎಲ್ಲರೂ ಪಾಠವನ್ನು ತಿಂದಿದ್ದರು.

ದೊಡ್ಡ ಮೇಡಂ ಬಾಯಿ ಒರೆಸಿಕೊಂಡು, ದಿನ ಬದಲಾಯಿಸಲು ಬರುವುದಿಲ್ಲ, ನಾಳೆ ಮೇಜಿನ ಮೇಲೆ ಏನಿರುತ್ತದೋ ಅದನ್ನೇ ನೋಡುತ್ತೇನೆ ಎಂದರು. ಹೇಳಿದ ಮೇಲೆ ಇನ್ನೊಂದು ಸೌಟು ಸಾರು ಕೇಳಿದರು. ನಿಯಮ ಬೇರೆ, ಸಾರು ಬೇರೆ.

ಸರೋಜ ಕೈ ತೊಳೆಯುತ್ತಾ, "ಹೊಲಿಗೆ ಅಷ್ಟೇನೂ ಕಷ್ಟ ಇರಲ್ಲ ಅಲ್ವಾ ಅತ್ತೆ?" ಎಂದಳು.

ಹಿತ್ತಿಲು

ಅಲ್ಲಿ ಕೂರಲು ಆಗಲಿಲ್ಲ. ಗೌರಿಯನ್ನು ಸೊಂಟಕ್ಕೇರಿಸಿಕೊಂಡು ಹಿತ್ತಿಲಿಗೆ ಹೋದೆ. ಅವಳ ಬಟ್ಟೆ ಒಣಗಿಸುವ ಹಗ್ಗ ಅಲ್ಲೇ. ಹದಿನೈದು ದಿನದಿಂದ ಅಲ್ಲಿ ಬಟ್ಟೆ ಹರವುತ್ತಿದ್ದೆ, ಮೇಲೆ ನೋಡುತ್ತಿದ್ದೆನೇ ಹೊರತು ಕೆಳಗೆ ನೋಡಿರಲಿಲ್ಲ. ಈಗ ತಲೆ ತಗ್ಗಿಸಿಕೊಂಡು ಹೋದದ್ದರಿಂದ ಕಾಣಿಸಿತು.

ನೆರಳಿನಲ್ಲಿ ಮರಳು ಹಾಸಿ ತೋಟದವನು ತೆಂಗಿನಕಾಯಿಗಳನ್ನು ಸಾಲಾಗಿ ಮಲಗಿಸಿದ್ದ. ಒಂದು ಇನ್ನೂ ಬರೀ ಕಾಯಿ. ಒಂದಕ್ಕೆ ಕರುವಿನ ಕೊಂಬಿನ ಹಾಗೆ ಮೊಳಕೆ. ಒಂದಕ್ಕೆ ಒಂದು ಎಲೆ, ಇನ್ನೊಂದಕ್ಕೆ ಎರಡು. ಕೊನೆಯದು ನನ್ನ ಮೊಣಕಾಲಿನುದ್ದ. ಬೆಳಿಗ್ಗೆ ತಟ್ಟೆಯಲ್ಲಿ ಇದ್ದದ್ದೇ ಇಲ್ಲಿ ದೊಡ್ಡದಾಗಿ ಮಲಗಿತ್ತು.

"ಸರೋಜಾ! ಏ ಸರೋಜಾ! ತೆಂಗಿನಕಾಯಿ ಬೀಜವೋ ಅಲ್ವೋ?"

ಅವಳು ಒದ್ದೆಗಣ್ಣಿನಲ್ಲೇ ಬಂದಳು. ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು.

"ಬೀಜವೇ ಅತ್ತೆ."

"ಮತ್ತಿನ್ನೇನು?"

ಪಾಠಕ್ಕೆ ಕಾಯಿ ಕತ್ತರಿಸಬೇಕೆಂದು ಕೇಳಿದರೆ ತೋಟದವನು ಮಾತ್ರ ಆಗುವುದೇ ಇಲ್ಲ ಎಂದ. ಹಿಂದೆಯೇ ಬಂದಿದ್ದ ಯೋಗಮ್ಮ ತಮಿಳಿನಲ್ಲಿ ತಿಳಿಸಿದರು: ಕತ್ತರಿಸಿದರೆ ಸತ್ತುಹೋಗುತ್ತವೆ, ಮಕ್ಕಳ ಹಾಗೆ ನೀರು ಹಾಕಿ ಸಾಕಿದ್ದೇನೆ ಎನ್ನುತ್ತಿದ್ದಾನೆ. ಅವನದೂ ತಪ್ಪಲ್ಲ. ಸರೋಜ ಆಗಲೇ ಹಿಂದೆ ತಿರುಗಿದ್ದಳು. ಅಷ್ಟರಲ್ಲಿ ಸೋಮಾವತಿ ಸೌಟು ಹಿಡಿದು ಬಾಗಿಲಿಗೆ ಬಂದು ಗಂಡನಿಗೆ ಉದ್ದಕ್ಕೆ ಏನೋ ಅಂದಳು.

"ಏನಂತೆ?" ಎಂದೆ ಯೋಗಮ್ಮನಿಗೆ.

"ಅಡುಗೆಮನೆಗೆ ಬಂದು ಎರಡೆರಡು ಸಲ ಸಾರು ಕುಡೀವಾಗ ನಾಚಿಕೆ ಇರಲಿಲ್ಲ, ಆ ಹುಡುಗಿಯ ಪಾಠ ನಿನ್ನ ಹೊಟ್ಟೇಲೂ ಇದೆ, ಕೊಡು ಅಂತಿದ್ದಾಳೆ."

ತೋಟದವನು ತಲೆ ಕೆರೆದುಕೊಂಡ. ಒಂದೊಂದೇ ಕಾಯಿಯನ್ನು ಎತ್ತಿ ಕೊಡತೊಡಗಿದ. ಒಂಬತ್ತು ಕೊಟ್ಟ. ಹತ್ತನೆಯದು, ಮೊಣಕಾಲುದ್ದದ್ದು, ಅದರ ಗರಿಯನ್ನು, ನಾನು ಕೆಳಗಿಳಿಸಿದ್ದ ಗೌರಿ ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು. ಬಿಡಿಸಿದರೆ ಅಳುತ್ತಾಳೆ. ಅವನು ಅವಳನ್ನು ನೋಡಿ ಮೊದಲ ಸಲ ನಕ್ಕ. ಇದನ್ನು ಮಾತ್ರ ಕತ್ತರಿಸುವುದಿಲ್ಲ, ಇದು ಪಾಪುವಿನದು, ಇಲ್ಲೇ ನೆಡುತ್ತೇನೆ ಎಂದ. ಅವತ್ತೇ ಕ್ಲಾಸಿನ ಕಿಟಕಿಯ ಹೊರಗೆ ಗುಂಡಿ ತೋಡಿ ನೆಟ್ಟ.

ಆ ಸಾಯಂಕಾಲ ಒಂಬತ್ತು ಟೀಚರುಗಳೂ ಒಂದೇ ಮೇಜಿನ ಸುತ್ತ ಕೂತಿದ್ದರು. ಉಂಡ ಋಣ ನೋಡಿ. ಒಬ್ಬರು ಚಿತ್ರ ಬರೆದರು, ಒಬ್ಬರು ಚೀಟಿ ಬರೆದರು, ಒಬ್ಬರು ಸರೋಜಳ ಇಂಗ್ಲಿಷನ್ನು ತಿದ್ದಿದರು. ತಮ್ಮ ಸ್ಕೂಲಿನಲ್ಲೂ ಕೋಣೆಯಿಲ್ಲ ಎಂದು ಒಬ್ಬರು ಅಂದರು. ನಮ್ಮಲ್ಲಿ ಬೀರುವೂ ಇಲ್ಲ ಎಂದರು ಇನ್ನೊಬ್ಬರು. ಸರೋಜ ಕಪ್ಪೆಯ ವಿಷಯ ಹೇಳಿದಳು, ಎಲ್ಲರೂ ಮೇಜು ಬಡಿದು ನಕ್ಕರು. ಆಗ ಹೊರಬಂದವು ನೀಲಿ ಪುಸ್ತಕಗಳು.

ಸೋಮವಾರ

ಇನ್ನೊಂದು ತೊಡಕು ಬಂತು. ಕಾಯನ್ನು ಸರಿಯಾಗಿ ಎರಡು ಹೋಳು ಮಾಡಿದರೆ ಒಳಗಿರುವುದು ಕಾಣುತ್ತದೆ. ಟೀಚರುಗಳು ಅಡುಗೆಮನೆಯ ಕಾಯೊಂದನ್ನು ತಂದು ಕಲ್ಲಿಗೆ ಹೊಡೆದು ನೋಡಿದರೆ ಅದು ಏಳು ಚೂರಾಯಿತು. ನಾನು ಸೆರಗು ಸಿಕ್ಕಿಸಿಕೊಂಡೆ. ನಲವತ್ತು ವರ್ಷದಿಂದ ಗೌರಿಹಬ್ಬ, ಗಣಪತಿ, ಆಯುಧಪೂಜೆ ಎಂದು ಕಾಯಿ ಒಡೆದಿದ್ದೇನೆ. ಅಂಗೈಯಲ್ಲಿ ಹಿಡಿದು ತಿರುಗಿಸುತ್ತಾ ನಡುವಿಗೆ ಮಚ್ಚಿನ ಬೆನ್ನಿನಿಂದ ಸುತ್ತ ತಟ್ಟಬೇಕು, ಅಷ್ಟೇ. ಬಟ್ಟಲಿನ ಹಾಗೆ ಎರಡಾಗುತ್ತದೆ.

ಹೀಗೆ ಕೂಲಿಮಠ ಬಿಟ್ಟು ಐವತ್ತು ವರ್ಷದ ಮೇಲೆ ನಾನು ಮತ್ತೆ ಕ್ಲಾಸಿನೊಳಗೆ ಹೋದೆ. ಗೌರಿ ಬಾಗಿಲ ಬಳಿ ಯೋಗಮ್ಮನ ಕೈಯಲ್ಲಿ. ತೋಟದವನು ಹೊರಗೇ ನಾರು ಸುಲಿದು ಕೊಟ್ಟ, ನಾನು ಕೊಂಬು ಮೂಡಿದ ಕಾಯನ್ನು ತಟ್ಟಿದೆ. ಎರಡಾಯಿತು. ಒಳಗೆ ಬೆಳ್ಳಗೆ, ಮೊಗ್ಗಿನ ಗಾತ್ರದ ಹೂವು!

ನನಗೆ ಅದು ಕ್ಲಾಸು ಎನ್ನುವುದೇ ಮರೆತುಹೋಯಿತು. ಹೋಳುಗಳನ್ನು ಕಣ್ಣಿಗೊತ್ತಿಕೊಂಡೆ. ದೊಡ್ಡ ಮೇಡಂ ಏನೆಂದು ಕೇಳಿದರು. "ಕಾಯಲ್ಲಿ ಹೂವು ಬಂದ್ರೆ ಶುಭ," ಎಂದೆ. "ನನ್ನ ಸೊಸೆಗೆ ನಾಲ್ಕು ವರ್ಷ ಮಕ್ಕಳಿರಲಿಲ್ಲ. ಬನಶಂಕರಿಯಲ್ಲಿ ಕಾಯಿ ಒಡೆಸಿದಾಗ ಹೂವು ಬಂತು. ವರ್ಷ ತುಂಬೋದ್ರೊಳಗೆ ಇವಳು ಬಂದ್ಲು."

ಸರೋಜ ನಾಚಿಕೊಂಡೇ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಆಮೇಲೆ ನನ್ನಿಂದ ಇನ್ನೊಂದು ಕಾಯಿ ಒಡೆಸಿದಳು, ಮತ್ತೊಂದು ಒಡೆಸಿದಳು. ಎಲೆ ದೊಡ್ಡದಾದಂತೆ ಒಳಗಿನ ಹೂವೂ ದೊಡ್ಡದು. ಕೊನೆಯದರಲ್ಲಿ ಚಿಪ್ಪು ತುಂಬಾ ಅದೇ, ಕಾಯಿನೀರಿನ ಒಂದು ತೊಟ್ಟೂ ಇರಲಿಲ್ಲ. ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದವಳು ನಡುವೆ ನಿಲ್ಲಿಸಿ ನನ್ನ ಕಡೆ ತಿರುಗಿದಳು.

"ಅತ್ತೆ, ಇದು ಹೂವಲ್ಲ. ಗಿಡದ ಮರಿಯ ಬಾಯಿ. ಬೇರು, ಎಲೆ ಗಟ್ಟಿಯಾಗೋ ತನಕ ಮರಿ ತಾನೇ ಊಟ ಮಾಡ್ಕೊಳ್ಳಕ್ಕಾಗಲ್ಲ. ಅದಕ್ಕೇ ತಾಯಿಮರ ನೀರು, ಕೊಬ್ಬರಿ ಎಲ್ಲ ಕಟ್ಟಿ ಕಳಿಸಿರುತ್ತೆ. ಮರಿ ಒಳಗೆ ಕೂತು ಇದರಿಂದ ಹೀರ್ಕೊಳ್ಳುತ್ತೆ."

"ಹಾಲು ಕುಡಿದಂಗೆ?"

"ಹಾಲು ಕುಡಿದಂಗೇ."

ಸರಿಯಾಗಿ ಆ ಹೊತ್ತಿಗೆ ಬಾಗಿಲ ಬಳಿ ಗೌರಿ ಹಸಿದು ಕಿರುಚಿದಳು. ಕ್ಲಾಸಿನವರೆಲ್ಲ ಕಾಯನ್ನು ನೋಡಿದರು, ಕೂಸನ್ನು ನೋಡಿದರು, ಸರೋಜಳನ್ನು ನೋಡಿದರು. ಯಾರು ಮೊದಲು ನಕ್ಕರೋ ತಿಳಿಯದು. ದೊಡ್ಡ ಮೇಡಂ ಪಾಠಕ್ಕೆ ಹತ್ತು ನಿಮಿಷ ಬಿಡುವು ಎಂದರು. ಸರೋಜ ಪಕ್ಕದ ಕೋಣೆಗೆ ಹೋಗಿ ಹಾಲು ಕೊಟ್ಟು ಬಂದು, ಬಿಟ್ಟ ಕಡೆಯಿಂದ ಪಾಠ ಮುಂದುವರಿಸಿದಳು.

ಸರ್ಟಿಫಿಕೇಟು ಕೊಡುವಾಗ ದೊಡ್ಡ ಮೇಡಂ ಅಂದದ್ದನ್ನು ಯೋಗಮ್ಮ ನನಗೆ ತಿಳಿಸಿದರು: ಕ್ಲಾಸಿನಲ್ಲಿ ಇಂಗ್ಲಿಷ್ ತಿಳಿಯದವರು ಒಬ್ಬರೇ ಇದ್ದರು, ಈ ಟೀಚರು ಪಾಠ ನಿಲ್ಲಿಸಿ ಅವರ ಕಡೆ ತಿರುಗಿದರು, ನನಗೆ ಅಷ್ಟು ಸಾಕು. ಆಮೇಲೆ ದೊಡ್ಡ ಮೇಡಂ ತಮ್ಮ ಪುಸ್ತಕ ತೆರೆದು ನನ್ನ ಮುಂದೆ ಕೂತರು. ಬಸ್ಸಾರು ಮಾಡುವ ಕ್ರಮ ಬೇಕಂತೆ.

ಮತ್ತೆ ಜಯನಗರ

ಈಗ ನಮ್ಮ ಮನೆಗೆ ವಾರಕ್ಕೆ ನಾಲ್ಕು ಕಾಗದ. "ಏನಮ್ಮಾ, ರಾವಣನ ಆಫೀಸಿಂದ ದಿನಾ ಟಪಾಲು?" ಎನ್ನುತ್ತಾನೆ ಅಂಚೆಯವನು. ಒಬ್ಬರು ಮೊಂಬತ್ತಿಯ ಪಾಠ ಬರೆಯುತ್ತಾರೆ, ಒಬ್ಬರು ಇರುವೆಯ ಪಾಠ ಬರೆಯುತ್ತಾರೆ. ಸರೋಜ ಎಲ್ಲರಿಗೂ ಉತ್ತರ ಬರೆಯುತ್ತಾಳೆ. ಯೋಗಮ್ಮನ ಕಾಗದದ ಕೊನೆಯ ಸಾಲು ಮಾತ್ರ ಯಾವಾಗಲೂ ನನಗೆ: ಪಾಪುವಿನ ಮರಕ್ಕೆ ಈಗ ನಾಲ್ಕು ಗರಿ.

ಅಧ್ಯಕ್ಷರು ಮಾತಿಗೆ ತಪ್ಪಲಿಲ್ಲ. ಹಳೇ ಬೆಂಚುಗಳನ್ನು ತುಂಬಿಟ್ಟಿದ್ದ ಕೋಣೆಯನ್ನು ಬಿಡಿಸಿ, ಸುಣ್ಣ ಬಳಿಸಿ ಕೊಟ್ಟರು. ಹೋದ ಶುಕ್ರವಾರ ಅದಕ್ಕೆ ಪೂಜೆ. ಬಾಗಿಲಿಗೆ ಮಾವಿನೆಲೆ, ಕಪ್ಪೆಯ ಸೀಸೆಗೂ ಕುಂಕುಮ. ಕಾಯಿ ಒಡೆಯಲು ನನ್ನನ್ನೇ ಕರೆದರು. ಗೌರಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ತಟ್ಟಿದೆ. ನೋಡಿದರೆ, ಹೂವು!

ಅಧ್ಯಕ್ಷರು ಎರಡೂ ಕೈ ಮುಗಿದರು. "ಆಹಾ, ಹೂವು ಬಂದಿದೆ! ಶುಭ, ಶುಭ!"

ಮುಂದಿನ ಸಾಲಿನಿಂದ ಎರಡು ಜಡೆಯ ಹುಡುಗಿಯೊಬ್ಬಳು ಎದ್ದು ನಿಂತಳು. "ಸಾರ್, ಅದು ಹೂವಲ್ಲ ಸಾರ್. ಗಿಡದ ಬಾಯಿ. ಟೀಚರ್ ಹೇಳಿಕೊಟ್ಟಿದ್ದಾರೆ."

ಅಧ್ಯಕ್ಷರು ಸರೋಜಳನ್ನು ನೋಡಿದರು. ಸರೋಜ ನನ್ನನ್ನು ನೋಡಿದಳು. ನಾನು ಏನೆಂದು ಹೇಳಲಿ? ನನಗೆ ಎರಡೂ ಬೇಕು. ಪ್ರಸಾದ ಎಂದು ಅಧ್ಯಕ್ಷರಿಗೆ ಅರ್ಧ ಕೊಟ್ಟು, ಕೊಯ್ದು ನೋಡಲಿ ಎಂದು ಹುಡುಗಿಗೆ ಅರ್ಧ ಕೊಡೋಣವೆಂದು ಹೋಳಿನೊಳಗೆ ಕೈ ಹಾಕಿದೆ. ಹೋಳು ಬರಿದಾಗಿತ್ತು. ಪಕ್ಕದಲ್ಲಿ ಕೂತಿದ್ದ ನನ್ನ ಮೊಮ್ಮಗಳು, ಇರುವ ಎರಡೇ ಹಲ್ಲಿನಲ್ಲಿ ಅದನ್ನು ಚೀಪುತ್ತಾ, ನಮ್ಮೆಲ್ಲರನ್ನೂ ನೋಡಿ ನಗುತ್ತಿದ್ದಳು.